ಪೇಟೆಯ ಕೂಸುಗಳು ಬಂದ ದಿನ

ಸೀತವ್ವನ ಹಾಲು ಕಹಿಯಾಗಿದೆ ಎಂದು ಅವಳಿಗೆ ಗೊತ್ತಾದದ್ದು ಮಗಳು ಮುಖ ತಿರುಗಿಸಿದಾಗ. ಬೆಳಗಿನಿಂದ ಅತ್ತು ಗಂಟಲು ಒಣಗಿದ್ದ ಕೂಸು. ಮೊಲೆ ಬಾಯಿಗಿಟ್ಟರೆ ಒಂದು ಸಲ ಚೀಪಿತು, ಮುಖ ಕಿವುಚಿತು, ಬಿಟ್ಟುಬಿಟ್ಟಿತು. ಸೀತವ್ವ ಸೆರಗಿನ ತುದಿಗೆ ಉಗುಳು ಹಚ್ಚಿ ಎದೆ ಒರೆಸಿಕೊಂಡಳು. ಸೆರಗಿನಲ್ಲೂ ತಂಬಾಕು, ಉಗುಳಿನಲ್ಲೂ ತಂಬಾಕು. ಒರೆಸಿದಷ್ಟೂ ಕಹಿ.

ಪಕ್ಕದಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ ತಾಜಬಿ ನೋಡಿದಳು. ಹುಡುಗಿಯಾಗಿ ಈ ತಂಬಾಕಿನ ವಖಾರಿಯೊಳಗೆ ಬಂದು ಇಲ್ಲೇ ಮುದುಕಿಯಾದವಳು ಅವಳು.

"ಬೆಲ್ಲಾ ಹಚ್ಕೊ ಬೇ," ಎಂದಳು. "ನಾನೂ ಬೆಲ್ಲಾ ಹಚ್ಚೇ ಕೂಸು ಬೆಳಸೇನಿ. ತಾಯಿ ಅಂದ್ರ ತಂಬಾಕು ಅನ್ನೂದು ಇದಕ್ಕ ಇನ್ನ ತಿಳದಿಲ್ಲ. ತಿಳೀತೈತಿ. ಆಮ್ಯಾಲ ರೂಢಿ ಆಗ್ತೈತಿ."

ರೂಢಿಯಾಯಿತು. ಕೂಸಿಗೆ ಸಾವಂತ್ರಿ ಎಂದು ಹೆಸರಿಟ್ಟರು. ಸಾವಂತ್ರಿ ಕಹಿ ಹಾಲು ಕುಡಿದೇ ನಡೆಯಲು ಕಲಿತಳು.

ಸೀತವ್ವ ನಿಪ್ಪಾಣಿಯ ಹೊಲಗೇರಿಯವಳು. ಗಂಡ ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಹೊಟ್ಟೆಯಲ್ಲಿ ಕೂಸು ಇದ್ದಾಗಲೇ ಅವಳು ಭಾವುಸಾಹೇಬ ಸಾವಕಾರರ ತಂಬಾಕಿನ ವಖಾರಿಗೆ ದುಡಿಯಲು ಬಂದಳು. ಕೆಲಸದಲ್ಲಿ ಕಲಿಯಲು ಏನೂ ಇರಲಿಲ್ಲ. ಒಣಗಿದ ಎಲೆಯನ್ನು ಬಡಿಗೆಯಿಂದ ಬಡಿಯಬೇಕು. ಬಡಿದದ್ದನ್ನು ಜರಡಿಯಂಥ ದೊಡ್ಡ ಜಾಳಿಗೆಗೆ ಹಾಕಿ ಇಬ್ಬರು ಎದುರುಬದುರು ನಿಂತು ಜಾಡಿಸಬೇಕು. ಕೆಳಗೆ ಬೀಳುವುದು ಬೀಡಿಗೆ ಹೋಗುವ ಜರ್ದಾ. ಮೇಲೆ ಏಳುವುದು ಹೆಂಗಸರ ಪಾಲು. ಗಾಳಿ ಬಂದರೆ ಜರ್ದಾ ಹಾರಿಹೋಗುತ್ತದೆಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿರುತ್ತಿದ್ದರು. ಸಾವಕಾರರದು ಒಂದು ಚಿಟಿಕೆಯೂ ಹೊರಗೆ ಹೋಗಬಾರದು. ಹೆಂಗಸರ ಮೂಗಿನೊಳಗೆ ಹೋದರೆ ಅಡ್ಡಿಯಿಲ್ಲ.

ಕೂಸುಗಳು ಚೀಲದ ರಾಶಿಯ ಹಿಂದೆ. ಹರಿದ ಗೋಣಿತಟ್ಟಿನ ಮೇಲೆ. ಸೀನಿ ಸೀನಿ ಮೂಗು ಕೆಂಪಾಗಿ, ಕಣ್ಣಲ್ಲಿ ನೀರು ಸುರಿದು, ಅತ್ತು ಅತ್ತು ಕೆಮ್ಮುತ್ತಿದ್ದವು. ಜಾಳಿಗೆ ಬಿಟ್ಟು ಹೋಗಿ ಎತ್ತಿಕೊಂಡರೆ ಕೆಲಸದ ಮೇಲೆ ಕಣ್ಣಿಡುವ ಮುಕಾದಮ ಜ್ಞಾನದೇವ ಕೂಗುತ್ತಿದ್ದ. ಅದಕ್ಕೇ ಮಿಶ್ರಿ. ಹೆಂಗಸರೆಲ್ಲರ ಸೊಂಟದಲ್ಲಿ ಮಿಶ್ರಿಯ ಡಬ್ಬಿ ಇರುತ್ತಿತ್ತು. ಹುರಿದು ಕಪ್ಪು ಮಾಡಿದ ತಂಬಾಕಿನ ಪುಡಿ. ಹಲ್ಲಿಗೆ ತಿಕ್ಕಿಕೊಂಡರೆ ಹಸಿವೆ ಸಾಯುತ್ತದೆ. ಕೂಸು ಅತ್ತರೆ ಅದರ ಒಸಡಿಗೂ ಒಂದು ಬೆರಳು ಹಚ್ಚುತ್ತಿದ್ದರು. ತಲೆ ತಿರುಗಿ ಕೂಸು ಮಲಗುತ್ತಿತ್ತು. ಜಾಳಿಗೆ ನಿಲ್ಲುತ್ತಿರಲಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸಲಿಲ್ಲ. ಮನೆಗೆ ಹೋದಮೇಲೆ ಕೂಸು ವಾಂತಿ ಮಾಡಿದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದರು. ಯಾರ ದೃಷ್ಟಿ ಎಂದು ಕೇಳಿಕೊಳ್ಳುತ್ತಿರಲಿಲ್ಲ.

ಸೀತವ್ವನೂ ಹಚ್ಚಿದಳು. ಹಿಟ್ಟು ನಾದುವಾಗ, ಕೂದಲು ಬಾಚುವಾಗ ಆ ಬೆರಳು ಅವಳಿಗೆ ಎದ್ದು ಕಾಣುತ್ತಿತ್ತು. ಎಷ್ಟು ತೊಳೆದರೂ ಅದು ತನ್ನ ಕೈಯದಲ್ಲ, ಮುಕಾದಮನ ಕೈಯದು ಅನ್ನಿಸುತ್ತಿತ್ತು.

ಎಂಬತ್ತರ ದಶಕದ ಆ ವರ್ಷಗಳಲ್ಲಿ ನಿಪ್ಪಾಣಿಯ ಹೆಂಗಸರು ಬಾಯಿ ಬಿಡಲು ಕಲಿತಿದ್ದರು. ಒಂದು ಚಳಿಗಾಲ ಅವರೆಲ್ಲ ಜಾಳಿಗೆ ಕೆಳಗಿಟ್ಟು ವಖಾರಿಯ ಗೇಟಿನ ಮುಂದೆ ಕೂತರು. ಕೇಳಿದ್ದರಲ್ಲಿ ಹೆಚ್ಚಿನದು ಸಿಗಲಿಲ್ಲ. ಸಿಕ್ಕಿದ್ದು ಒಂದು: ಕೂಸುಗಳಿಗೆ ಒಂದು ಕೋಣೆ. ಸರ್ಕಾರ ಅಂಗನವಾಡಿ ಮಂಜೂರು ಮಾಡಿತು. ಭಾವುಸಾಹೇಬರು ವಖಾರಿಯ ಅಂಗಳದ ಮೂಲೆಯಲ್ಲಿ, ಮುರಿದ ಗಾಡಿ ಇಡುತ್ತಿದ್ದ ಕೋಣೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಬಾಗಿಲ ಮೇಲೆ ಅವರ ತಂದೆಯ ಹೆಸರಿನ ಕಲ್ಲು ಕೂತಿತು. ಫೋಟೋ ತೆಗೆದರು. ಉಪ್ಪಿಟ್ಟಿನ ರವೆ, ಎಣ್ಣೆ, ಬೆಲ್ಲ ಸರ್ಕಾರದಿಂದ ಬಂತು. ಊರಲ್ಲಿ ಮಾತ್ರ ಸಾವಕಾರರು ಕೇರಿಯ ಕೂಸುಗಳಿಗೆ ಉಣ್ಣಲಿಕ್ಕೆ ಹಾಕುತ್ತಾರೆ ಎಂದಾಯಿತು.

ಕಲಿಸಲು ಬಂದವಳು ಗೌರಾಬಾಯಿ. ಹತ್ತನೇ ಇಯತ್ತೆ ಪಾಸಾದ ಹೆಂಗಸು. ಗಂಡ ಹಾಸಿಗೆ ಹಿಡಿದಿದ್ದ. ಸಣ್ಣ ದನಿ, ಮೆಲ್ಲನೆಯ ನಡೆ. ಮೊದಲ ದಿನ ಸಾವಂತ್ರಿಯ ಮೂಗನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಅದನ್ನು ಸೀತವ್ವ ಬಾಗಿಲಲ್ಲಿ ನಿಂತು ನೋಡಿದಳು. ಮೇಲುಜಾತಿಯ ಹೆಂಗಸೊಬ್ಬಳು ತನ್ನ ಮಗಳನ್ನು ಮುಟ್ಟಿದ್ದನ್ನು ಅವಳು ಅದೇ ಮೊದಲು ಕಂಡದ್ದು. ಆ ದಿನ ಜಾಳಿಗೆ ಹಗುರಾಗಿತ್ತು.

ಸುಗ್ಗಿ ಬಂತು. "ಎರಡ ದಿನಕ್ಕ ಅಷ್ಟ, ಬಾಯಾರ," ಎಂದು ಮುಕಾದಮ ಕೋಣೆಯ ಒಂದು ಗೋಡೆಗೆ ತಂಬಾಕಿನ ಚೀಲ ಒಟ್ಟಿಸಿದ. ಎರಡು ದಿನ ಮುಗಿಯಲಿಲ್ಲ. ಎರಡನೆಯ ಗೋಡೆಗೂ ಬಂದವು. ಕೂಸುಗಳು ಬಾಗಿಲ ಹತ್ತಿರ ಒತ್ತಿಕೊಂಡು ಕೂತು ಹಾಡು ಹೇಳಿದವು. ಹಾಡಿನ ನಡುವೆ ಸೀನಿದವು. ಮಧ್ಯಾಹ್ನ ಅಂಗನವಾಡಿ ಮುಗಿದರೆ ಮತ್ತೆ ಜಾಳಿಗೆಯ ಶೆಡ್ಡಿಗೇ ಬರಬೇಕು. ತಾಯಂದಿರು ಬಿಡುಗಡೆಯಾಗುವುದು ಸಂಜೆಗೆ. ಆದರೂ ಅರ್ಧ ದಿನ. ಆದರೂ ಒಂದು ತಾಟು ಉಪ್ಪಿಟ್ಟು. ಹೆಂಗಸರು ಅಷ್ಟಕ್ಕೇ ಮಿಶ್ರಿಯ ಬೆರಳನ್ನು ಕೂಸುಗಳ ಬಾಯಿಂದ ತೆಗೆದಿದ್ದರು.

ಒಂದು ದಿನ ಗೌರಾಬಾಯಿಗೆ ಸರ್ಕಾರದಿಂದ ಹೊಸ ಸಾಮಾನು ಬಂತು. ತೂಕ ಮಾಡುವ ದುಂಡನೆಯ ಕಾಟಾ, ಅದಕ್ಕೊಂದು ಕೊಕ್ಕೆ, ಕೊಕ್ಕೆಗೆ ಚಡ್ಡಿಯಂಥ ಒಂದು ಚೀಲ. ಅದನ್ನು ತೊಲೆಗೆ ಕಟ್ಟಿದಳು.

"ಕೂಸಿನ ಇದರಾಗ ಕುಂದ್ರಿಸಿ ತೂಗೂದು. ತೂಕ ಕಡಿಮಿ ಇದ್ದ ಕೂಸಿಗೆ ಎರಡ ಪಾಲ ತಿನ್ನಾಕ ಕೊಡಬೇಕಂತ ಐತಿ," ಎಂದು ತಾಯಂದಿರಿಗೆ ತಿಳಿಸಿ ಹೇಳಿದಳು.

ಹೆಂಗಸರು ಕೊಕ್ಕೆ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು.

"ಏನಂದ್ರಿ?" ಎಂದಳು ತಾಜಬಿ. ಮೊಮ್ಮಗ ಹಾಜಿಮಲಂಗ ಅವಳ ಸೆರಗು ಹಿಡಿದಿದ್ದ. "ತೂಕಾ ಮಾಡಿ ಹೆಚ್ಚಿಗಿ ಕೊಡ್ತಾರ? ಅಲ್ರೀ ಬಾಯಾರ, ಈ ಊರಾಗ ಕಾಟಾಕ್ಕ ಹಾಕಿದ ಮ್ಯಾಲ ಹೆಚ್ಚಿಗಿ ಕೊಟ್ಟಾಂವ ಯಾರ ಅದಾನ? ಒಬ್ಬನ ಹೆಸರ ಹೇಳ್ರಿ, ಹೋಗಿ ಅವನ ಕಾಲಿಗೆ ಬೀಳ್ತೀನಿ."

ಎಲ್ಲರೂ ನಕ್ಕರು. ನಗು ನಿಂತಮೇಲೆ ಯಾರೂ ಕೂಸನ್ನು ಮುಂದೆ ತರಲಿಲ್ಲ.

ಅವರಿಗೆ ಕಾಟಾ ಗೊತ್ತಿತ್ತು. ರೈತ ತಂದ ಎಲೆ ಸಾವಕಾರರ ಕೊಕ್ಕೆಗೆ ಬಿದ್ದರೆ ಚೀಲಕ್ಕೆಂದು ಒಂದಿಷ್ಟು ಹೋಗುತ್ತಿತ್ತು, ಮಣ್ಣಿಗೆಂದು ಒಂದಿಷ್ಟು, ತೇವಕ್ಕೆಂದು ಒಂದಿಷ್ಟು. ಸಂಜೆ ಹೆಂಗಸರು ಜಾಡಿಸಿದ ಜರ್ದಾವನ್ನೂ ಅದಕ್ಕೇ ತೂಗುತ್ತಿದ್ದರು. ಬೆನ್ನು ಮುರಿಯುವಷ್ಟು ಹೊತ್ತು ತಂದದ್ದು ಕೊಕ್ಕೆಯಿಂದ ಇಳಿಯುವಾಗ ಕರಗಿರುತ್ತಿತ್ತು. ಕೊಕ್ಕೆ ತಿಂದದ್ದು ತಿರುಗಿ ಬಂದದ್ದಿಲ್ಲ. ಅಂಥ ಕೊಕ್ಕೆಗೆ ಹೆತ್ತ ಕೂಸನ್ನು ತೂಗುಹಾಕುವುದೇ? ಇರುವುದೇ ಇಷ್ಟು. ಅದರಲ್ಲೂ ಕಡಿತವೇ?

"ನನ್ನ ಮಗಳ ಮೈಯಾಗ ಕಡಿಯಾಕ ಏನೂ ಉಳದಿಲ್ರಿ," ಎಂದಳು ಸೀತವ್ವ.

ಗೌರಾಬಾಯಿ ಇನ್ನೊಂದೆರಡು ಸಲ ಹೇಳಿದಳು. ಆಮೇಲೆ ಬಿಟ್ಟಳು. ಮೇಲಿನವರು ಕೇಳಿದಾಗ ಎಲ್ಲ ಕೂಸುಗಳೂ ನೆಟ್ಟಗಿವೆ ಎಂದು ಕಣ್ಣಂದಾಜಿನಲ್ಲಿ ಹೇಳಿ ಕಳಿಸಿದಳು. ನೆಟ್ಟಗಿರುವ ಕೂಸಿಗೆ ಒಂದೇ ಪಾಲು.

ಮಳೆಗಾಲ ಕಳೆಯುವಷ್ಟರಲ್ಲಿ ಸಾವಂತ್ರಿ ಸೊರಗಿದಳು. ಮೂರು ತುಂಬಿದ ಹುಡುಗಿ ಎದ್ದು ನಿಲ್ಲಲು ಗೋಡೆ ಹಿಡಿಯುತ್ತಿದ್ದಳು. ಕೂದಲು ಕೆಂಚಾಯಿತು. ಹೊಟ್ಟೆ ಮುಂದೆ ಬಂತು, ಕಾಲು ಕಡ್ಡಿಯಾದವು. ಅಳುವುದನ್ನೂ ಬಿಟ್ಟಳು. ತಾಜಬಿ ತಾಯತ ತಂದುಕೊಟ್ಟಳು. ಸೀತವ್ವ ಎಲ್ಲಮ್ಮನಿಗೆ ಹರಕೆ ಹೊತ್ತಳು. ಒಂದು ಸಂಜೆ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಮನೆಗೆ ನಡೆಯುತ್ತಿದ್ದಾಗ ಅವಳಿಗೆ ಒಂದು ಸಂಗತಿ ತಿಳಿಯಿತು. ಅರ್ಧ ದಾರಿ ಬಂದರೂ ಸೊಂಟ ಬದಲಿಸಬೇಕು ಅನ್ನಿಸಿರಲಿಲ್ಲ. ದಿನವಿಡೀ ಚೀಲ ಎತ್ತುವ ಸೊಂಟ ಅದು; ಭಾರ ಅದಕ್ಕೆ ಗೊತ್ತು. ಸೊಂಟದ ಮೇಲೆ ಈಗ ಭಾರವೇ ಇರಲಿಲ್ಲ. ಅವಳು ಹಾದಿಯಲ್ಲೇ ನಿಂತಳು. ಕಾಟಾಕ್ಕೆ ಹಾಕದೆಯೇ ಕರಗಿದೆಯಲ್ಲ.

ಮರುದಿನ ಎಲ್ಲ ಕೂಸುಗಳು ಹೋದಮೇಲೆ ಅಂಗನವಾಡಿಗೆ ಬಂದಳು.

"ತೂಗ್ರಿ," ಎಂದಳು.

ಗೌರಾಬಾಯಿ ಸಾವಂತ್ರಿಯನ್ನು ಚೀಲದಲ್ಲಿ ಕೂರಿಸಿ ಕೊಕ್ಕೆಗೆ ಹಾಕಿದಳು. ಹುಡುಗಿ ಅಳಲಿಲ್ಲ, ಒದೆಯಲಿಲ್ಲ. ಗಂಟಿನ ಹಾಗೆ ತೂಗಾಡಿದಳು. ಗೌರಾಬಾಯಿ ಮುಳ್ಳನ್ನು ನೋಡಿದಳು. ಮುಳ್ಳು ಸಿಕ್ಕಿಕೊಂಡಿರಬೇಕೆಂದು ಗಾಜಿನ ಮೇಲೆ ಬೆರಳಿನಿಂದ ತಟ್ಟಿದಳು. ಮತ್ತೊಮ್ಮೆ ತಟ್ಟಿದಳು. ಮುಳ್ಳು ಸರಿದಾಡಲಿಲ್ಲ.

"ಎಷ್ಟ ಐತ್ರಿ?"

ಗೌರಾಬಾಯಿ ಹುಡುಗಿಯನ್ನು ಇಳಿಸಿ ಎದೆಗೆ ಅವಚಿಕೊಂಡಳು. "ಒಂದ ವರ್ಷದ ಕೂಸಿನಷ್ಟ," ಎಂದಳು. "ಆವಾಗ ತೂಗಿದ್ರ... ನಾನರ ಹಟಾ ಹಿಡದು ತೂಗಬೇಕಾಗಿತ್ತು."

"ಈಗ ಏನ ಮಾಡೂದ ಹೇಳ್ರಿ."

"ಎರಡ ಪಾಲ ನಾ ನಾಳಿಯಿಂದನ ಹಾಕ್ತೀನಿ. ಅದರಿಂದ ಆಗೂದಲ್ಲ ಸೀತವ್ವಾ. ದೊಡ್ಡ ದವಾಖಾನಿಗೆ ಹಾಕಬೇಕು. ಮುಂದಿನ ವಾರ ಬೆಳಗಾವಿಯಿಂದ ಮ್ಯಾಲಿನ ಅಧಿಕಾರಿ ಬಾಯಾರು ಬರ್ತಾರ, ಡಾಕ್ಟರನೂ ಕರಕೊಂಡ ಬರ್ತಾರ. ಅವರ ಕಣ್ಣಿಗೆ ಈ ಕೂಸು ಬೀಳಬೇಕು. ಬಿದ್ದರ ಅವರ ಜೀಪಿನಾಗನ ಕರಕೊಂಡ ಹೋಗಿ ಹಾಕ್ತಾರ. ಮಂದಿ ಕೂಸಿಗೆ ಹಂಗ ಮಾಡಿದ್ದ ನಾ ನೋಡೇನಿ."

ಸೀತವ್ವ ಆ ವಾರ ಉಸಿರು ಹಿಡಿದು ಬದುಕಿದಳು. ಪ್ರತಿ ಬೆಳಿಗ್ಗೆ ಮಗಳ ಮೂಗಿನ ಹತ್ತಿರ ಕೈ ಇಟ್ಟು ನೋಡುತ್ತಿದ್ದಳು. ಜೀಪು ಬರುವವರೆಗೆ ಇರು ನನ್ನವ್ವಾ. ಅಷ್ಟೇ.

ಅಧಿಕಾರಿ ಬರುವ ಹಿಂದಿನ ದಿನ ಮುಕಾದಮ ಕೋಣೆಯ ಚೀಲಗಳನ್ನೆಲ್ಲ ಹೊರಗೆ ಸಾಗಿಸಿದ. ನೆಲ ಸಾರಿಸಲು ಹೆಂಗಸರನ್ನು ಕರೆದ. ಸೀತವ್ವ ಮಂಡಿಯೂರಿ ಸಗಣಿ ಬಳಿಯುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತು ಹೇಳಿದ:

"ಕೇಳ್ರಿಲ್ಲೆ. ನಾಳಿ ನಿಮ್ಮ ಹುಡುಗರು ಈ ಕಡೆ ಸುಳೀಬಾರದು. ಶೆಡ್ಡಿನಾಗ ಇಟ್ಕೊರ್ರಿ. ನಾಳಿ ಒಂದ ದಿನ ಪೇಟಿ ಹುಡುಗರು ಬರ್ತಾವ."

"ಯಾಕ್ರಿ?" ಎಂದಳು ತಾಜಬಿ.

"ಯಾಕಂದ್ರ? ನಿಮ್ಮವು ನೋಡೂಹಂಗ ಅದಾವೇನ? ಮೂಗಾಗ ಸಿಂಬಳಾ, ಕಣ್ಣಾಗ ಪಿಸರು. ಬಂದವರು ಏನಂದಾರು ಸಾವಕಾರಗ? ಅಂಗನವಾಡಿ ಚಲೋ ನಡದೈತಿ ಅಂದ್ರ ಸರ್ಕಾರದವರು ಸಾವಕಾರರ ಜಾಗಾದಾಗ ಪಕ್ಕಾ ಕಟ್ಟಡಾನ ಕಟ್ಟಸ್ತಾರಂತ. ಅದರಾಗ ಮುಂದ ನಿಮ್ಮವನ ಕುಂದರ್ತಾವ. ಒಂದ ದಿನಕ್ಕ ಏನ ಸಾಯ್ತಾವ?"

ಸೀತವ್ವನ ಕೈ ಸಗಣಿಯಲ್ಲಿ ನಿಂತುಬಿಟ್ಟಿತು.

"ಮುಕಾದಮ್‌ರ, ನನ್ನ ಮಗಳನೊಬ್ಬಾಕಿನರ ತೋರಸಬೇಕ್ರಿ. ಆಕಿಗೆ ಭಾಳ ಆಗೇತಿ."

"ಆಕಿನ್ನ ಮೊದಲ ಮುಚ್ಚಿಡು," ಎಂದ ಜ್ಞಾನದೇವ. "ಆಕೀನ ಕಂಡರ ಕಟ್ಟಡ ಹೋತು, ಇದ್ದ ಅಂಗನವಾಡೀನೂ ಹೋತು."

ಅವನು ಹೋದಮೇಲೆ ಸೀತವ್ವ ಗೌರಾಬಾಯಿಯ ಮುಂದೆ ಬಂದು ನಿಂತಳು. ಗೌರಾಬಾಯಿ ಒಲೆಯ ಬೂದಿ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಾ ಏನ ಮಾಡ್ಲಿ ಸೀತವ್ವಾ? ಕೋಣಿ ಅವರದು. ನಾಳಿ ಬಾಗಿಲಾ ಹಾಕಂದ್ರ ಎಲ್ಲಿಗೆ ಒಯ್ಯಲಿ ಇಷ್ಟ ಕೂಸ? ನನ್ನ ಮನ್ಯಾಗೂ ಒಬ್ಬಾಂವ ಮಲಗ್ಯಾನ."

ಸೀತವ್ವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಿತ್ತು. ಈ ಹೆಂಗಸೂ ತನ್ನ ಹಾಗೆಯೇ ಯಾರದೋ ಬೆರಳಾಗಿದ್ದಾಳೆ ಅನ್ನಿಸಿತು. ಅನ್ನಿಸಿದ್ದರಿಂದ ಮಗಳ ತೂಕವೇನೂ ಏರುವಂತಿರಲಿಲ್ಲ.

ಮರುದಿನ ಪೇಟೆಯ ಕೂಸುಗಳು ಬಂದವು. ವಖಾರಿಯ ಗುಮಾಸ್ತರ ಮಕ್ಕಳು, ಕಿರಾಣಿ ಅಂಗಡಿಯವರ ಮಕ್ಕಳು, ಸಾವಕಾರರ ಸಂಬಂಧಿಕರ ಮಕ್ಕಳು. ಇಸ್ತ್ರಿ ಮಾಡಿದ ಅಂಗಿ, ಕಣ್ಣಿಗೆ ಕಾಡಿಗೆ, ಕೆನ್ನೆಗೆ ಪೌಡರು. ಜೊತೆಗೆ ತಾಯಂದಿರು. ಮುಂದೆ ನಿಂತು ಎಲ್ಲ ನಡೆಸುತ್ತಿದ್ದವಳು ಸಾವಕಾರರ ಅತ್ತಿಗೆ ಗಿರಿಜವ್ವ. ಶೆಡ್ಡಿನ ಬಾಗಿಲ ಸಂದಿಯಿಂದ ಹೆಂಗಸರು ನೋಡಿದರು.

ತಾಜಬಿ ಸಂದಿಗೆ ಕಣ್ಣಿಟ್ಟು ಒಳಗಿನವರಿಗೆ ಸುದ್ದಿ ಹೇಳುತ್ತಿದ್ದಳು. "ಒಂದ ಹುಡುಗ ಹಾಡ ಬರೂದಿಲ್ಲಂತ ಅಳಾಕತ್ತೈತಿ... ಅರೆ, ಇನ್ನೊಂದು ಉಪ್ಪಿಟ್ಟ ಒಲ್ಲೆ ಅಂತ. ತುಪ್ಪ ಬೇಕಂತ ಅದಕ್ಕ! ಗೌರಾಬಾಯಿ ಮಾರಿ ನೋಡಬೇಕ ನೀವು, ಹಂಚ ಆಗೇತಿ."

ಕೆಲವರು ನಕ್ಕರು. ಸೀತವ್ವ ನಗಲಿಲ್ಲ. ಶೆಡ್ಡಿನಲ್ಲಿ ಧೂಳು ಎಂದಿನಂತೆಯೇ ಇತ್ತು. ಎಂದಿಗಿಂತ ಹೆಚ್ಚು ಕೂಸುಗಳಿದ್ದವು. ಜೀಪಿನ ಸದ್ದು ಕೇಳಿತು. ಅದೇ ಹೊತ್ತಿಗೆ ಹಾಜಿಮಲಂಗ ಕೆಮ್ಮಿದ. ಅವನ ಹಿಂದೆ ಇನ್ನೊಂದು ಕೂಸು. ಒಂದು ಅತ್ತಿತು. ಅದನ್ನು ಕೇಳಿ ಮತ್ತೊಂದು.

ಬಾಗಿಲು ಸ್ವಲ್ಪ ತೆರೆದು ಮುಕಾದಮ ತಲೆ ತೂರಿಸಿದ. ಹಣೆಗೆ ಕುಂಕುಮ, ಮಡಿಯಾಗಿ ಉಟ್ಟ ಹೊಸ ಧೋತರ. ಅಧಿಕಾರಿಯ ಕೈಯಿಂದ ದೀಪ ಹಚ್ಚಿಸುವ ಮುಂಚೆ ಪೂಜೆಯ ತೆಂಗಿನಕಾಯಿ ಒಡೆಯುವವನು ಅವನೇ.

"ಏ, ಬಾಯಿ ಮುಚ್ಚಸ್ರಿ ಅವುನ್ನ! ಅಲ್ಲಿ ತನಕ ಕೇಳಸ್ತೈತಿ," ಎಂದು ಪಿಸುಗುಟ್ಟಿದ. "ಮಿಶ್ರಿ ಇಲ್ಲೇನ ನಿಮ್ಮ ಹಂತ್ಯಾಕ? ಹಚ್ಚಿ ಮಲಗಸ್ರಿ. ನಿಮಗೇನ ಹೊಸಾದ ಅದು?"

ಹೊಸದಲ್ಲ. ಹೆಂಗಸರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಡಬ್ಬಿಗಳು ತೆರೆದವು. ಸೀತವ್ವನೂ ತೆರೆದಳು. ಬೆರಳಿಗೆ ಕಪ್ಪು ಪುಡಿ ಅಂಟಿತು. ಸಾವಂತ್ರಿ ತೊಡೆಯ ಮೇಲೆ ಇದ್ದಳು. ಅವಳು ಅಳುತ್ತಿರಲೂ ಇಲ್ಲ. ಆದರೂ ತಾಯಿಯ ಬೆರಳು ಕಂಡಕೂಡಲೆ ಹುಡುಗಿ ಬಾಯಿ ತೆರೆದಳು. ಕೊಟ್ಟದ್ದನ್ನು ತೆಗೆದುಕೊಳ್ಳುವವಳ ಹಾಗೆ, ತುಟಿ ಅಗಲಿಸಿ, ಒಸಡು ತೋರಿಸಿ, ಸುಮ್ಮನೆ ಕಾದಳು.

ಸೀತವ್ವ ಆ ಬಾಯಿಯನ್ನು ನೋಡಿದಳು.

ಬೆರಳನ್ನು ನೆಲಕ್ಕೆ ಒರೆಸಿದಳು. ಸಾಲಲಿಲ್ಲ. ಗೋಡೆಗೆ ಒರೆಸಿದಳು. ಡಬ್ಬಿಯನ್ನು ಎಸೆದಳು. ಅದು ಜಾಳಿಗೆಗೆ ಬಡಿದು ಟಣ್ ಎಂದಿತು.

"ನಾ ಹಚ್ಚೂದಿಲ್ಲ," ಎಂದಳು.

"ಏನಂದಿ?"

"ಹಚ್ಚೂದಿಲ್ಲ ಅಂದೆ. ಇಷ್ಟ ವರ್ಷ ನಿನ್ನ ಕೆಲಸಕ್ಕ ಹಚ್ಚೀನಿ. ಈಗ ಮಂದಿ ಮಕ್ಕಳಿಗೆ ಇವರ ತಾಟ ಕೊಟ್ಟ, ಇವರ ಸದ್ದ ಕೇಳಬಾರದಂತ ಹಚ್ಚಬೇಕ? ನಿನ್ನ ಮಕ್ಕಳಿಗೆ ಹಚ್ಚ ಹೋಗ್."

ಅವಳು ಮಗಳನ್ನು ಎತ್ತಿಕೊಂಡು ಎದ್ದಳು. ಬಾಗಿಲಿಗೆ ಬಂದಳು. ಮುಕಾದಮ ಅಡ್ಡ ನಿಂತ. ಕೈ ಎತ್ತಿದ. ಅವಳನ್ನು ತಡೆಯಬೇಕಾದರೆ ಹಿಡಿಯಬೇಕು. ಹಿಡಿಯಬೇಕಾದರೆ ಮುಟ್ಟಬೇಕು. ಮಿಂದು ಮಡಿಯುಟ್ಟಿದ್ದವನ ಕೈ ಗಾಳಿಯಲ್ಲೇ ನಿಂತಿತು. ಸೀತವ್ವ ನಿಲ್ಲಲಿಲ್ಲ. ಅವಳ ಸೆರಗು ತಾಗೀತೆಂದು ಅವನೇ ಹಿಂದಕ್ಕೆ ಸರಿದ.

ಅಂಗಳ ದಾಟಿದಳು. ಹಿಂದೆ ಜಾಳಿಗೆಗಳು ಒಂದೊಂದಾಗಿ ನಿಂತವು. ಬಿಸಿಲು ಕಣ್ಣಿಗೆ ಚುಚ್ಚಿತು. ಇಷ್ಟು ಹಗುರಾದ ಮಗಳು ಈಗ ಭಾರವಾಗಿದ್ದಳು.

ಅಂಗನವಾಡಿಯಲ್ಲಿ ಪೇಟೆಯ ಕೂಸುಗಳು ಸಾಲಾಗಿ ಕೂತಿದ್ದವು. ಮುಂದೆ ತಾಟುಗಳು. ಕುರ್ಚಿಯ ಮೇಲೆ ಅಧಿಕಾರಿ, ಕನ್ನಡಕ ಹಾಕಿದ ದಪ್ಪನೆಯ ಹೆಂಗಸು. ಪಕ್ಕದಲ್ಲಿ ಡಾಕ್ಟರು. ಆಚೆ ಪಕ್ಕದಲ್ಲಿ ಭಾವುಸಾಹೇಬರು. ಸೀತವ್ವ ಯಾರಿಗೂ ಕೈ ಮುಗಿಯಲಿಲ್ಲ. ಸಾಲಿನ ನಡುವೆ, ತುಪ್ಪ ಬೇಕೆಂದಿದ್ದ ಹುಡುಗನ ಪಕ್ಕದಲ್ಲಿ ಒಂದು ಮಾರು ಜಾಗವಿತ್ತು. ಅಲ್ಲಿ ಸಾವಂತ್ರಿಯನ್ನು ಕೂರಿಸಿದಳು. ಹುಡುಗಿ ಒಂದು ಕಡೆಗೆ ವಾಲಿದಳು. ವಾಲಿ ಆ ಹುಡುಗನ ಭುಜಕ್ಕೆ ಒರಗಿದಳು.

"ಅಯ್ಯ! ಮುಟ್ಟಿಸಿಬಿಟ್ಟಳಲ್ಲ!" ಎಂದು ಗಿರಿಜವ್ವ ಕೂಗಿದಳು. ಹುಡುಗ ಅವಳ ಮೊಮ್ಮಗ. ಓಡಿಬಂದು ರಟ್ಟೆ ಹಿಡಿದು ಎಳೆದುಕೊಂಡಳು. "ಏಳ್ರೋ, ಏಳ್ರಿ! ಆ ತಾಟಿನ್ಯಾಗ ಏನೂ ತಿನ್ನಬ್ಯಾಡ್ರಿ!"

ಒಬ್ಬಳು ಎತ್ತಿಕೊಂಡದ್ದನ್ನು ನೋಡಿ ಇನ್ನೊಬ್ಬಳು ಎತ್ತಿಕೊಂಡಳು. ಹೊಲೆಯರ ಕೂಸು ಸಾಲಿನಲ್ಲಿ ಕೂತಿದೆ, ಸಾಲೇ ಮೈಲಿಗೆ. ನೋಡುತ್ತಿದ್ದಂತೆ ಸಾಲು ಖಾಲಿಯಾಯಿತು. ಸಾರಿಸಿದ ನೆಲದ ಮೇಲೆ ಉಪ್ಪಿಟ್ಟಿನ ತಾಟುಗಳು, ನಡುವೆ ಸಾವಂತ್ರಿ.

"ಏನಾಯ್ತು? ಮಕ್ಕಳನ್ನು ಯಾಕೆ ಎಬ್ಬಿಸಿದಿರಿ?" ಎಂದರು ಅಧಿಕಾರಿ.

ಗಿರಿಜವ್ವ ಬಾಯಿ ತೆರೆದಳು. ಸರ್ಕಾರದವರ ಮುಂದೆ ಹೇಳುವ ಮಾತಲ್ಲ ಅದು. ಮುಚ್ಚಿದಳು. ಭಾವುಸಾಹೇಬರು ನಗಲು ಹೋದರು. "ಏನಿಲ್ರಿ ಮೇಡಮ್ಮರ, ಕೂಲಿಯಾಕಿ ಒಬ್ಬಾಕಿ... ತಲಿ ನೆಟ್ಟಗಿಲ್ಲ ಆಕಿಗೆ."

ಅಷ್ಟರಲ್ಲಿ ತಾಜಬಿ ಬಾಗಿಲಿಗೆ ಬಂದಿದ್ದಳು, ಹಾಜಿಮಲಂಗನ ಕೈ ಹಿಡಿದುಕೊಂಡು. ಅವಳ ಹಿಂದೆ ಉಳಿದವರು, ತಲೆಯಿಂದ ಕಾಲಿನವರೆಗೆ ಜರ್ದಾ ಮೆತ್ತಿಕೊಂಡು. ಕೂಸುಗಳು ಅಳುತ್ತಿದ್ದವು, ಕೆಮ್ಮುತ್ತಿದ್ದವು. ಯಾರೂ ಸುಮ್ಮನಿರಿಸಲಿಲ್ಲ. "ಅಳ್ರೋ," ಎಂದಳು ತಾಜಬಿ, "ಕೇಳಲಿ." ಕೂಸುಗಳು ಒಳಗೆ ಬಂದು, ತಾವು ದಿನವೂ ಕೂರುವ ಜಾಗದಲ್ಲಿ ಕೂತವು. ತಾಟು ಎಳೆದುಕೊಂಡವು.

ಅಧಿಕಾರಿ ಗೌರಾಬಾಯಿಯ ಕಡೆಗೆ ತಿರುಗಿದರು. "ಈ ಮಕ್ಕಳು ಯಾರು?"

ಗೌರಾಬಾಯಿ ಸಾವಕಾರರನ್ನು ನೋಡಿದಳು. ನೆಲ ನೋಡಿದಳು. ಸಾವಂತ್ರಿ ಮತ್ತೆ ವಾಲುತ್ತಿದ್ದಳು. ಗೌರಾಬಾಯಿ ಹೋಗಿ ಅವಳ ಬೆನ್ನಿಗೆ ಕೈ ಕೊಟ್ಟು ಕೂತಳು.

"ಇವರ ರೀ," ಎಂದಳು. ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ನಮ್ಮ ಅಂಗನವಾಡಿ ಮಕ್ಕಳು ಇವರ ರೀ. ಅವರು ಇವತ್ತ ಒಂದ ದಿನ ಬಂದಿದ್ರು."

ಡಾಕ್ಟರು ಬಗ್ಗಿ ಸಾವಂತ್ರಿಯ ರೆಪ್ಪೆ ಎತ್ತಿ ನೋಡಿದರು. ಪಾದ ಒತ್ತಿದರು. ಒತ್ತಿದ ಗುಣಿ ಹಾಗೇ ಉಳಿಯಿತು. ಅಧಿಕಾರಿ ಮೂಗಿಗೆ ಸೆರಗು ಹಿಡಿದಿದ್ದರು; ಕಣ್ಣಲ್ಲಿ ನೀರು ಬಂದಿತ್ತು, ತಂಬಾಕಿನ ಘಾಟಿಗೆ. "ಈ ಘಾಟಿನಲ್ಲಿ ಮಕ್ಕಳು ಹೇಗೆ ಕೂರುತ್ತಾರೆ?" ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ಬಹಳ ಹೊತ್ತು ಕೂರಲೂ ಇಲ್ಲ. ಸಾವಕಾರರು ಹೊದಿಸಿದ ಶಾಲು ಹೊದ್ದುಕೊಂಡೇ ಹೊರಟರು. ಆದರೆ ಜೀಪಿನ ಹಿಂದಿನ ಸೀಟಿನಲ್ಲಿ ಸೀತವ್ವ ಕೂತಿದ್ದಳು, ತೊಡೆಯ ಮೇಲೆ ಮಗಳನ್ನು ಮಲಗಿಸಿಕೊಂಡು.

ಭಾವುಸಾಹೇಬರು ದನಿ ಏರಿಸುವ ಮನುಷ್ಯರಲ್ಲ. ಜೀಪು ಮರೆಯಾದಮೇಲೆ ಮುಕಾದಮನಿಗೆ ಹೇಳಿದರು: "ಆಕಿನ್ನ ಇನ್ನ ಒಳಗ ಬಿಡಬ್ಯಾಡ. ಆಕಿ ಹುಡುಗೀನೂ."

ಬೆಳಗಾವಿಯ ದವಾಖಾನೆಯಲ್ಲಿ ಸಾವಂತ್ರಿ ಬದುಕಿಕೊಂಡಳು. ಬದುಕಿದಳು ಅಷ್ಟೇ, ಕೆಮ್ಮು ಹೋಗಲಿಲ್ಲ. ದಿನಕ್ಕೆ ನಾಲ್ಕಾರು ಸಲ ತಿನ್ನಿಸಬೇಕು, ಅಂಗನವಾಡಿಯ ಎರಡು ಪಾಲು ತಪ್ಪಿಸಬಾರದು ಎಂದು ಹೇಳಿ ಕಳಿಸಿದರು. ಸೀತವ್ವ ಊರಿಗೆ ಮರಳಿದ ಮರುದಿನವೇ ಮಗಳ ಕೈ ಹಿಡಿದುಕೊಂಡು ಗೇಟಿಗೆ ಬಂದಳು. ಹೆಂಗಸರು ಕೆಲಸಕ್ಕೆ ಒಳಗೆ ಹೋಗುವ ಹೊತ್ತು.

ಜ್ಞಾನದೇವ ಗೇಟಿಗೆ ಅಡ್ಡ ನಿಂತಿದ್ದ. ಈ ದಿನ ಅವನು ಹಳೆಯ ಧೋತರದಲ್ಲಿದ್ದ.

"ನಿನಗ ಕೆಲಸ ಇಲ್ಲ."

"ನಾ ಕೆಲಸ ಕೇಳಾಕ ಬಂದಿಲ್ಲ. ಮಗಳನ ಅಂಗನವಾಡಿಗೆ ಬಿಡಾಕ ಬಂದೀನಿ."

"ಕೆಲಸ ಇಲ್ಲದಾಕಿ ಮಗಳಿಗೆ ಇಲ್ಲೇನ ಐತಿ?" ಎಂದ. ಆಮೇಲೆ ದನಿ ತಗ್ಗಿಸಿದ. "ನೋಡ, ಸಾವಕಾರರ ಕಾಲ ಹಿಡಿ. ತಪ್ಪಾತು ಅನ್ನು. ಜಾಳಿಗಿಗೆ ತಗೊಳ್ತಾರ. ಹುಡುಗೀನ ಮಾತ್ರ ಮನ್ಯಾಗ ಬಿಟ್ಟ ಬಾ. ಎರಡರಾಗ ಒಂದ."

"ಹುಡುಗಿ ಒಳಗ ಹೋಗಲಿ. ನಾ ಹೊರಗ ಇರ್ತೀನಿ."

"ಏ ಹುಚ್ಚಿ, ಉಣ್ಣಾಕ ಏನ ಮಾಡ್ತಿ?"

"ಅದನ್ನ ನೀ ಕೇಳಬ್ಯಾಡ. ಜಾಳಿಗಿ ನಿಮ್ದು, ಇಟ್ಕೊರ್ರಿ. ಉಪ್ಪಿಟ್ಟ ನಿಮ್ದಲ್ಲ."

ಅವನು ಗೇಟು ಎಳೆದ. ಆಗ ಅವನಿಗೆ ಕಂಡಿತು: ಬುತ್ತಿಯ ಗಂಟು ಹಿಡಿದ ಹೆಂಗಸರೆಲ್ಲ ಅಲ್ಲೇ ನಿಂತಿದ್ದರು. ಒಬ್ಬಳೂ ಒಳಗೆ ಕಾಲಿಟ್ಟಿರಲಿಲ್ಲ.

"ನೀವ್ಯಾಕ ನಿಂತ್ರಿ? ಹೊತ್ತಾತು."

"ಸಣ್ಣವರು ಮೊದಲ ಹೋಗಲಿ, ಮುಕಾದಮ್‌ರ," ಎಂದಳು ತಾಜಬಿ. "ಅವು ಹೋದವಂದ್ರ ನಾವೂ ಬರ್ತೀವಿ. ನಮಗೇನ ಅವಸರ ಇಲ್ಲ."

ಒಳಗೆ ಎಲೆ ಬಡಿಯುವವರಿಲ್ಲ, ಜಾಡಿಸುವವರಿಲ್ಲ. ಬೀಡಿಯ ಕಾರಖಾನೆಯ ಲಾರಿ ಮಧ್ಯಾಹ್ನಕ್ಕೆ ಬರುವುದಿತ್ತು. ಜ್ಞಾನದೇವ ಅತ್ತ ನೋಡಿದ, ಇತ್ತ ನೋಡಿದ. ಕೊನೆಗೆ ಗೇಟಿನಲ್ಲಿ ಒಂದು ಕೂಸು ತೂರುವಷ್ಟು ಸಂದಿ ಬಿಟ್ಟ.

ಸಾವಂತ್ರಿ ಒಳಗೆ ಹೋದಳು. ತಿರುಗಿ ತಾಯಿಯನ್ನು ನೋಡಿದಳು. ಅಂಗನವಾಡಿಯ ಬಾಗಿಲಲ್ಲಿ ಗೌರಾಬಾಯಿ ಕೈ ಚಾಚಿ ನಿಂತಿದ್ದಳು. ಆಮೇಲೆ ಹೆಂಗಸರು ಹೋದರು. ತಾಜಬಿ ಹೋಗುವಾಗ ತನ್ನ ಬುತ್ತಿಯಿಂದ ಒಂದು ರೊಟ್ಟಿ ತೆಗೆದು ಸೀತವ್ವನ ಕೈಗೆ ಇಟ್ಟಳು. ಗೇಟು ಮುಚ್ಚಿತು.

ಸೀತವ್ವನಿಗೆ ಹೋಗಲು ಮನೆಯಿತ್ತು. ಹೋದರೆ ಮಗಳನ್ನು ಮಧ್ಯಾಹ್ನ ಹೊರಗೆ ಬಿಡುತ್ತಾರೋ ಇಲ್ಲವೋ, ನಾಳೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ. ಅವಳು ಗೇಟಿನ ಮುಂದೆ, ಗಾಡಿಗಳು ಒಳಗೆ ಹೋಗುವ ಹಾದಿಯ ನಟ್ಟನಡುವೆ ಕೂತಳು. ರೊಟ್ಟಿ ಮುರಿದು ತಿಂದಳು. ಒಳಗಿನಿಂದ ಹಾಡು ಕೇಳಿಸಿತು, ಹಾಡಿನ ನಡುವೆ ಕೆಮ್ಮು. ಯಾರದೆಂದು ಅವಳಿಗೆ ಗೊತ್ತಿತ್ತು.

ತಂಬಾಕಿನ ಗಾಡಿಯೊಂದು ಬಂತು. ಎತ್ತುಗಳು ಅವಳ ಮುಂದೆ ಬಂದು ನಿಂತು ಬುಸುಗುಟ್ಟಿದವು.

"ಏಳವಾ," ಎಂದ ಗಾಡಿಯವನು, "ಸಾವಕಾರರ ಮಾಲ್ ಐತಿ."

"ನಂದು ಒಳಗೈತಿ," ಎಂದಳು ಸೀತವ್ವ. ಏಳಲಿಲ್ಲ.